ಲಚ್ಯಾಣ ಸೀಮೆಯ ನಿತ್ಯಬಳಕೆಯಲ್ಲಿ ಮರುಹುಟ್ಟುವ ಮತ್ತು ತೀರಿಹೋಗುವ ಸಂಪನ್ಮೂಲಗಳು

ಬಿಸಿಲು, ಗಾಳಿ, ಮಳೆ, ಸಗಣಿ, ಕಣಿಕೆ, ಕಟ್ಟಿಗೆ ಇವು ಬಳಸಿದ ಮೇಲೂ ಮತ್ತೆ ಒದಗಿಬರುವ ಸಂಪನ್ಮೂಲಗಳು. ಕಲ್ಲಿದ್ದಲು, ಡೀಸೆಲ್, ಅಡುಗೆ ಅನಿಲ, ರಂಜಕದ ಶಿಲೆ, ಗಣಿಯ ಕಲ್ಲು ತೀರಿದರೆ ತೀರಿದವೇ. ಶಾಲೆಯ ಪಠ್ಯದಲ್ಲಿ ಈ ಎರಡು ಪಟ್ಟಿಗಳ ನಡುವೆ ಒಂದು ನೇರ ಗೆರೆ ಇರುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣ ಮತ್ತು ಅದರ ಸುತ್ತಲಿನ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಬದುಕಿನಲ್ಲಿ ಆ ಗೆರೆ ಅಷ್ಟು ನೇರವಾಗಿಲ್ಲ. ಇಲ್ಲಿ ಮಳೆಯಿಂದ ತುಂಬಬೇಕಾದ ಅಂತರ್ಜಲವನ್ನು ಗಣಿಯಂತೆ ಬಗೆಯಲಾಗಿದೆ. ಮತ್ತೆ ಮತ್ತೆ ಸಿಗುವ ಸಗಣಿಯನ್ನು ಒಲೆಗೆ ಹಾಕಿದರೆ ಹೊಲ ಬಡವಾಗುತ್ತದೆ. ಒಂದು ವಸ್ತು ಯಾವ ಪಟ್ಟಿಗೆ ಸೇರುತ್ತದೆ ಎಂಬುದಕ್ಕಿಂತ ಅದು ಹುಟ್ಟುವ ವೇಗ ಎಷ್ಟು, ನಾವು ಬಳಸುವ ವೇಗ ಎಷ್ಟು ಎಂಬ ಲೆಕ್ಕವೇ ಈ ಒಣಸೀಮೆಯಲ್ಲಿ ಮುಖ್ಯ.

ಸೀಮೆ

ಲಚ್ಯಾಣ ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಊರು; ಹೋಟಗಿ–ಗದಗ ರೈಲು ಮಾರ್ಗದಲ್ಲಿ ಇಂಡಿ ರೋಡಿಗೂ ಹೋಟಗಿಗೂ ನಡುವೆ ಅದರ ನಿಲ್ದಾಣವಿದೆ. ಇಂಡಿ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಭೀಮೆ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಸೀಮೆಗಳ ದಕ್ಷಿಣದಲ್ಲಿ ಕೃಷ್ಣೆ, ಎರಡರ ನಡುವೆ ಡೋಣಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಇಲ್ಲಿಯೇ. 2018ರ ಮರುವಿಂಗಡಣೆಯಲ್ಲಿ ಈ ನಾಲ್ಕು ಹಳೆಯ ತಾಲ್ಲೂಕುಗಳಿಂದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲ್ಲೂಕುಗಳು ಒಡೆದವು. ಈ ಲೇಖನ ಹಳೆಯ ಗಡಿಗಳನ್ನೇ ಅನುಸರಿಸುತ್ತದೆ.

ವರ್ಷದ ಮಳೆ 600 ಮಿಲಿಮೀಟರಿನ ಸುತ್ತಮುತ್ತ. ಅದರ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರಿನಲ್ಲಿ. ಎರೆಭೂಮಿ ಆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ ಅದರ ಮೇಲೆಯೇ ಬೆಳೆದು ಫೆಬ್ರವರಿ–ಮಾರ್ಚ್‌ಗೆ ಕಟಾವಿಗೆ ಬರುತ್ತದೆ. ಅರಣ್ಯ ಜಿಲ್ಲೆಯ ವಿಸ್ತೀರ್ಣದ ಶೇಕಡ ಒಂದರಷ್ಟೂ ಇಲ್ಲ. ಮಲೆನಾಡಿನವರಿಗೆ ಕಟ್ಟಿಗೆ ಎಂದರೆ ಕಾಡು ನೆನಪಾದರೆ ಇಲ್ಲಿಯವರಿಗೆ ನೆನಪಾಗುವುದು ಹೊಲದ ಬದುವಿನ ಜಾಲಿ ಮತ್ತು ತೊಗರಿ ಕಟ್ಟಿಗೆ.

ಕೊಟ್ಟಿಗೆ, ಒಲೆ, ಹೊಲ

ಈ ಸೀಮೆಯ ಹಳೆಯ ಒಕ್ಕಲುತನದ ನಡುಗಂಬ ಎತ್ತು. ಜೋಳದ ಕಾಳು ಮನುಷ್ಯರಿಗೆ, ಕಣಿಕೆ ಎತ್ತಿಗೆ, ಎತ್ತಿನ ಸಗಣಿ ತಿಪ್ಪೆಗೆ ಮತ್ತು ಒಲೆಗೆ, ತಿಪ್ಪೆಯ ಗೊಬ್ಬರ ಮತ್ತೆ ಜೋಳಕ್ಕೆ. ನೇಗಿಲು, ಕೂರಿಗೆ, ಕುಂಟೆ ಎಳೆಯಲು ಬೇಕಾದ ಶಕ್ತಿಯೂ ಅದೇ ಹೊಲದಲ್ಲಿ ಬೆಳೆಯುತ್ತಿತ್ತು. 35-1 ಸಂಖ್ಯೆಯ ಮಾಲದಂಡಿ ಜೋಳ 1930ರ ದಶಕದಲ್ಲಿ ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದ ತಳಿ. ಅಷ್ಟು ದೀರ್ಘಕಾಲ ಅದು ಜನರ ಮನಸ್ಸಿನಲ್ಲಿ ಉಳಿದದ್ದು ರೊಟ್ಟಿಯ ರುಚಿಯ ಜೊತೆಗೆ ಕಣಿಕೆಯ ಗುಣಕ್ಕಾಗಿ. ಗಿಡ್ಡ ಹೈಬ್ರಿಡ್ ಜೋಳಗಳು ಹೆಚ್ಚು ಕಾಳು ಕೊಟ್ಟರೂ ಹಿಂಗಾರಿಯಲ್ಲಿ ಇಲ್ಲಿ ಬೇರೂರಲಿಲ್ಲ. ಬಣಿವೆ ಸಣ್ಣದಾದರೆ ಬೇಸಗೆಯಲ್ಲಿ ದನ ಮಾರಬೇಕಾಗುತ್ತದೆ ಎಂಬುದು ರೈತನಿಗೆ ಗೊತ್ತಿತ್ತು.

ಆದರೆ ಈ ಹಳೆಯ ಚಕ್ರವನ್ನು ಕೊರತೆಯಿಲ್ಲದ್ದೆಂದು ಹೊಗಳುವುದು ತಪ್ಪಾದೀತು. ಕಾಡಿಲ್ಲದ ನಾಡಿನಲ್ಲಿ ಉರುವಲಿಗೆ ಕುಳ್ಳು ತಟ್ಟಲೇಬೇಕಿತ್ತು. ತಟ್ಟಿದಷ್ಟು ಸಗಣಿ ಹೊಲಕ್ಕೆ ಹೋಗುತ್ತಿರಲಿಲ್ಲ. ಸಗಣಿ ಸುಟ್ಟಾಗ ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಬೂದಿಯಲ್ಲಿ ಉಳಿಯುವುದು ಪೊಟ್ಯಾಷಿಯಂ, ರಂಜಕದಂಥ ಖನಿಜಗಳು ಮಾತ್ರ. ಇನ್ನು ಒಲೆಯ ಮುಂದೆ ಕೂತವರ ಕಣ್ಣು, ಎದೆಯ ಪಾಡು ಬೇರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮತ್ತೆ ಹುಟ್ಟುವ ಇಂಧನವೆಲ್ಲ ನಿರ್ಮಲ ಇಂಧನವಾಗಬೇಕೆಂದೇನಿಲ್ಲ.

ಉರುವಲಿನ ಬಿಗಿ ಅಡುಗೆಯ ಪದ್ಧತಿಯನ್ನೂ ತಿದ್ದಿತ್ತು. ಒಂದೇ ಸಲ ಒಲೆ ಹೂಡಿ ರಾಶಿಗಟ್ಟಲೆ ಬಡಿದು, ಒಣಗಿಸಿ, ವಾರಗಟ್ಟಲೆ ತಿನ್ನುವ ಖಡಕ್ ರೊಟ್ಟಿ ಪಯಣಕ್ಕೂ ಸುಗ್ಗಿಗೂ ಅನುಕೂಲವಾದ ಆಹಾರ; ಉರುವಲು ಉಳಿಸುವ ಉಪಾಯವೂ ಹೌದು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇವುಗಳ ಜೊತೆ ಅದನ್ನು ತಿನ್ನಲು ಮತ್ತೆ ಒಲೆ ಹೊತ್ತಿಸಬೇಕಾಗಿಲ್ಲ. (ಎಳೆ ಜೋಳದ ಸೀತನಿಯನ್ನು ಮಾತ್ರ ಇಂದಿಗೂ ಕುಳ್ಳಿನ ಕೆಂಡದಲ್ಲೇ ಸುಡುತ್ತಾರೆ. ಗ್ಯಾಸಿನ ಮೇಲೆ ಸುಟ್ಟ ಸೀತನಿಗೆ ಆ ಹೆಸರು ಸಲ್ಲುವುದಿಲ್ಲ ಎನ್ನುವವರ ಮಾತನ್ನು ಒಪ್ಪಬೇಕಾಗುತ್ತದೆ.)

2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯ ನಂತರ 14.2 ಕಿಲೋ ಸಿಲಿಂಡರ್ ಬಡವರ ಅಡುಗೆಮನೆಗೂ ಬಂತು. ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶದಿಂದ, ಬಹುಮಟ್ಟಿಗೆ ಕೊಲ್ಲಿ ರಾಷ್ಟ್ರಗಳಿಂದ ಬರುವಂಥದ್ದು; ಸ್ವಚ್ಛವಾದರೂ ತೀರಿಹೋಗುವ ಇಂಧನ. ಹಳ್ಳಿಯ ಮನೆಗಳು ಈ ತೊಡಕನ್ನು ಎರಡು ಒಲೆಗಳ ಪದ್ಧತಿಯಿಂದ ಬಗೆಹರಿಸಿಕೊಂಡಿವೆ: ಚಹಾ, ಪಲ್ಯ, ಮಕ್ಕಳ ಬುತ್ತಿ ಗ್ಯಾಸಿನ ಮೇಲೆ, ಜಳಕದ ನೀರು, ದನದ ಹುಗ್ಗಿ, ಹೆಚ್ಚು ರೊಟ್ಟಿ ಇದ್ದ ದಿನದ ಬಡಿತ ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ. ಇದನ್ನು ಹಿಂದುಳಿದಿರುವಿಕೆ ಎಂದು ಎಣಿಸುವ ವರದಿಗಳುಂಟು. ಸಿಲಿಂಡರಿನ ಬೆಲೆ ಏರಿದ ತಿಂಗಳು ಮನೆ ನಡೆಸುವವರ ಲೆಕ್ಕದಲ್ಲಿ ಅದು ಮುಂಜಾಗ್ರತೆ.

ಸಗಣಿಯನ್ನು ಸುಡದೆಯೂ ಬೆಂಕಿ ಪಡೆಯುವ ದಾರಿ ಗೋಬರ್ ಗ್ಯಾಸ್. ಅನಿಲ ಒಲೆಗೆ ಹೋದರೆ ಉಳಿದ ಬಗ್ಗಡ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಸಾರಜನಕವೂ ಉಳಿಯುತ್ತದೆ. ಮೊದಲಿಗೆ ಖಾದಿ ಆಯೋಗದ ಕಬ್ಬಿಣದ ಡ್ರಮ್ಮಿನ ಮಾದರಿ, ನಂತರ 1984ರಲ್ಲಿ ರೂಪುಗೊಂಡ ಇಟ್ಟಂಗಿ ಗುಮ್ಮಟದ ದೀನಬಂಧು ಮಾದರಿ ಹಳ್ಳಿಗಳಿಗೆ ಬಂದವು. 1981–82ರಿಂದ ಇದಕ್ಕೊಂದು ರಾಷ್ಟ್ರೀಯ ಯೋಜನೆಯೇ ಇತ್ತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಆದರೆ ಎರಡು ಘನ ಮೀಟರಿನ ಒಂದು ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಎಂದರೆ ನಾಲ್ಕೈದು ದನ. ಸಗಣಿಯಷ್ಟೇ ನೀರನ್ನೂ ಕಲಸಬೇಕು; ಏಪ್ರಿಲಿನಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಅದೂ ಭಾರವೇ. ಮಲೆನಾಡು, ಕರಾವಳಿಯಲ್ಲಿ ನಡೆದಂತೆ ಇಲ್ಲಿ ಗೋಬರ್ ಗ್ಯಾಸ್ ನಡೆಯದಿರುವುದಕ್ಕೆ ಜನರ ಅಜ್ಞಾನ ಕಾರಣವಲ್ಲ.

ಇಡೀ ಚಕ್ರ ಸಡಿಲಗೊಂಡದ್ದು ಟ್ರ್ಯಾಕ್ಟರ್ ಬಂದ ಮೇಲೆ. ಮೂರು ದಿನದ ಹರಗುವ ಕೆಲಸ ಮೂರು ತಾಸಿನಲ್ಲಿ ಮುಗಿಯುವುದಾದರೆ ಖಿಲಾರಿ ಜೋಡಿಯೊಂದನ್ನು ವರ್ಷವಿಡೀ ಮೇಯಿಸುವುದು ಎಷ್ಟು ಜನರಿಗೆ ಗಿಟ್ಟೀತು? 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದಲ್ಲಿ ನಾಟಿ ದನಗಳು ಶೇಕಡ 6ರಷ್ಟು ಕಡಿಮೆಯಾದವು. ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿಯಲು ಎತ್ತಿಲ್ಲದ ಮನೆಗಳು ಈಗ ಅಪರೂಪವಲ್ಲ. ಎತ್ತು ಹೋದಾಗ ಅದರ ಹಿಂದೆಯೇ ಮೂರು ವಸ್ತುಗಳು ಹೊರಗಿನಿಂದ ಬಂದವು. ಉಳುಮೆಗೆ ಡೀಸೆಲ್, ಒಲೆಗೆ ಸಿಲಿಂಡರ್, ಹೊಲಕ್ಕೆ ಚೀಲದ ಗೊಬ್ಬರ. ಮೂರೂ ತೀರಿಹೋಗುವ ಮೂಲದವು, ಮೂರೂ ಕೊಳ್ಳಬೇಕಾದವು. ಈ ಸೀಮೆಯಲ್ಲಿ ಮನೆಯೊಂದು ಮಾಡುವ ಅತಿ ದೊಡ್ಡ ಇಂಧನ ನಿರ್ಧಾರ ಎತ್ತಿನ ಜೋಡಿಯನ್ನು ಮಾರುವುದೇ ಇರಬೇಕು. ಅದನ್ನು ಯಾರೂ ಇಂಧನದ ಲೆಕ್ಕದಲ್ಲಿ ಬರೆದಿಡುವುದಿಲ್ಲ.

ಗೊಬ್ಬರದ ಚೀಲ

ಯೂರಿಯಾದ ಕಚ್ಚಾವಸ್ತು ನೈಸರ್ಗಿಕ ಅನಿಲ. 45 ಕಿಲೋ ಚೀಲ ರೈತನಿಗೆ 266.50 ರೂಪಾಯಿಗೆ ಸಿಗುವುದು ಉಳಿದ ಹಣವನ್ನು ಸರ್ಕಾರ ತುಂಬುವುದರಿಂದ. ಡಿಎಪಿಯ ರಂಜಕ ಮೊರಾಕ್ಕೊ, ಜೋರ್ಡಾನ್ ಮುಂತಾದ ದೇಶಗಳ ಗಣಿಗಳಿಂದ ಬರುವಂಥದ್ದು. ಅನಿಲಕ್ಕಾದರೂ ಬದಲಿ ಹುಡುಕಬಹುದು, ರಂಜಕಕ್ಕೆ ಬದಲಿಯಿಲ್ಲ. ಅದನ್ನು ಹೊಲದಿಂದ ಹೊಲಕ್ಕೆ ತಿರುಗಿಸುವುದೊಂದೇ ದಾರಿ.

ಸಾರಜನಕದ ವಿಷಯದಲ್ಲಿ ಈ ಸೀಮೆಗೆ ತನ್ನದೇ ಉತ್ತರವಿದೆ. ತೊಗರಿ, ಕಡಲೆ, ಹೆಸರುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಡುತ್ತವೆ. ತೊಗರಿಯ ಎಲೆ ಉದುರಿ ಮಣ್ಣಿಗೆ ಸೇರುತ್ತದೆ, ಕಟ್ಟಿಗೆ ಒಲೆಗೆ ಆಗುತ್ತದೆ, ಆಳದ ಬೇರು ಎರೆಯ ಬಿರುಕಿನ ತೇವವನ್ನು ಎತ್ತಿಕೊಳ್ಳುತ್ತದೆ. ಜೋಳದ ಸುತ್ತ ಮುಳ್ಳಿನ ಕುಸುಬೆ ಹಾಕಿದರೆ ಬೇಲಿಯೂ ಆಯಿತು, ಗಾಣಕ್ಕೆ ಎಣ್ಣೆಕಾಳೂ ಆಯಿತು. ಅಗ್ಗದ ತಾಳೆಎಣ್ಣೆ ಅಂಗಡಿಗೆ ಬಂದ ಮೇಲೆ ಕುಸುಬೆ ಹಿಂದೆ ಸರಿದಿದೆ.

ಬಿಜಾಪುರದಲ್ಲಿ (ಇಂದಿನ ವಿಜಯಪುರ) 1930ರ ದಶಕದಲ್ಲಿ, ಸೊಲ್ಲಾಪುರ, ರಾಯಚೂರು, ಹಗರಿ, ರೋಹ್ತಕ್‌ಗಳ ಜೊತೆಗೇ ಆರಂಭವಾದ ಒಣಬೇಸಾಯ ಸಂಶೋಧನೆ ಹೇಳಿಕೊಟ್ಟದ್ದೂ ಮುಖ್ಯವಾಗಿ ಒಡ್ಡು ಹಾಕುವುದು, ಆಳ ಉಳುಮೆ, ಮೇಲೆ ಮೇಲೆ ಎಡೆ ಹೊಡೆದು ತೇವ ಆರದಂತೆ ಮಾಡುವುದು. ಈಗ ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಆಡಳಿತದಲ್ಲಿ, ವಿಜಯಪುರದ ಹಿಟ್ಟಿನಹಳ್ಳಿ ಕ್ಷೇತ್ರದಲ್ಲಿ ಮುಂದುವರಿದಿದೆ. ಎರೆಮಣ್ಣನ್ನೂ ಇಲ್ಲಿ ಸಂಪನ್ಮೂಲಗಳ ಲೆಕ್ಕಕ್ಕೆ ಸೇರಿಸಬೇಕು. ಸೆಪ್ಟೆಂಬರಿನ ಒಂದು ಜಡಿಮಳೆ ಒಯ್ದ ಮಣ್ಣು ಮತ್ತೆ ಹುಟ್ಟಲು ಮನುಷ್ಯನ ಹಲವು ತಲೆಮಾರುಗಳು ಬೇಕು. ಒಡ್ಡು ಒಡೆದ ಹೊಲದಲ್ಲಿ ಮಣ್ಣು ಕಲ್ಲಿದ್ದಲಿನಷ್ಟೇ ಖಚಿತವಾಗಿ ತೀರುತ್ತದೆ.

ನೀರು

2024ರ ಏಪ್ರಿಲ್ ಮೊದಲ ವಾರ ಲಚ್ಯಾಣದ ಹೆಸರು ದೇಶದ ಸುದ್ದಿವಾಹಿನಿಗಳಲ್ಲೆಲ್ಲ ಕೇಳಿಬಂತು. ಹೊಲದಲ್ಲಿ ಕೊರೆಸಿದ್ದ ಕೊಳವೆಬಾವಿಗೆ ಬಿದ್ದಿದ್ದ ಎಳೆಯ ಮಗುವನ್ನು ಸುಮಾರು 20 ತಾಸಿನ ಕಾರ್ಯಾಚರಣೆಯ ನಂತರ ಜೀವಂತವಾಗಿ ಮೇಲೆತ್ತಲಾಯಿತು. ತೆರೆದ ಕೊಳವೆಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿಯಮ ಹಾಕಿಕೊಟ್ಟಿತ್ತು. ಆ ಘಟನೆಯ ಹಿಂದೆ ಸುರಕ್ಷತೆಯ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆಯೂ ಇದೆ: ಇಷ್ಟೊಂದು ಬೋರುಗಳು ಈ ಸೀಮೆಗೆ ಏಕೆ ಬೇಕಾದವು?

ಉತ್ತರ ಕಲ್ಲಿನಲ್ಲಿದೆ, ಬೆಳೆಯಲ್ಲೂ ಇದೆ. ಇಂಡಿ, ಸಿಂದಗಿಯ ನೆಲದಡಿ ಇರುವುದು ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಕಲ್ಲು. ಅದರ ಮೈಯಲ್ಲಿ ನೀರು ನಿಲ್ಲುವುದಿಲ್ಲ; ಮೇಲಿನ ಶಿಥಿಲ ಪದರ, ಬಿರುಕು, ಎರಡು ಲಾವಾ ಹಾಸುಗಳ ನಡುವಿನ ಸಂದುಗಳಲ್ಲಿ ಮಾತ್ರ ನಿಲ್ಲುತ್ತದೆ. ಸೇದುವ ಬಾವಿ ಮತ್ತು ಎತ್ತಿನ ಕಪಿಲೆಗಳು ಮೇಲಿನ ಪದರದ ನೀರನ್ನಷ್ಟೇ ಮುಟ್ಟುತ್ತಿದ್ದವು. ಆ ನೀರು ವರ್ಷದ ಮಳೆಯಿಂದ ತುಂಬುವಂಥದ್ದು. ಎತ್ತು ದಣಿದಾಗ ಕಪಿಲೆ ನಿಲ್ಲುತ್ತಿತ್ತು, ಬಾವಿ ರಾತ್ರಿ ಊರುತ್ತಿತ್ತು. ನೂರಾರು ಅಡಿ ಆಳಕ್ಕೆ ಇಳಿಯುವ ಬೋರಿಗೆ, ಅದರೊಳಗಿನ ಸಬ್‌ಮರ್ಸಿಬಲ್ ಪಂಪಿಗೆ ದಣಿವಿಲ್ಲ. ಆಳದ ಸಂದುಗಳಿಗೆ ಇಳಿಯುವುದು ಮಳೆಯ ಒಂದು ಸಣ್ಣ ಪಾಲು, ಅದೂ ನಿಧಾನವಾಗಿ. ಹೀಗೆ ಪಠ್ಯದ ಪ್ರಕಾರ ಮರುಹುಟ್ಟುವ ನೀರು ಇಲ್ಲಿ ತೀರಿಹೋಗುವ ಪಟ್ಟಿಗೆ ಜಾರಿತು.

ಬೆಳೆಯ ಪಾಲು ಲಿಂಬೆ ಮತ್ತು ಕಬ್ಬಿನದು. ಇಂಡಿಯ ಕಾಗ್ಜಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು; ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲೇ ಇದೆ. ತೆಳು ಸಿಪ್ಪೆ, ಹೆಚ್ಚು ರಸದ ಈ ಹಣ್ಣು ಒಣಸೀಮೆಗೆ ಒಗ್ಗಿದ್ದು. ಆದರೆ ಜೋಳದ ಹಾಗೆ ಒಂದು ವರ್ಷ ಬಿತ್ತದೆ ಬಿಡುವಂಥದ್ದಲ್ಲ. ಹತ್ತು ವರ್ಷ ಸಾಕಿದ ಗಿಡಕ್ಕೆ ಒಂದು ಬೇಸಗೆ ನೀರು ತಪ್ಪಿದರೆ ಬಾಳೆಲ್ಲ ಹೋದಂತೆ. ಬರದ ವರ್ಷಗಳಲ್ಲಿ ರೈತರು ಟ್ಯಾಂಕರಿನಲ್ಲಿ ನೀರು ತರಿಸಿ ಲಿಂಬೆಗೆ ಉಣಿಸಿದ್ದುಂಟು, ಹೊಸ ಬೋರು ಕೊರೆಸಲು ಸಾಲ ಮಾಡಿದ್ದುಂಟು. ಲಿಂಬೆಗೆ ಹನಿ ನೀರಾವರಿಯಾದರೂ ಹೊಂದುತ್ತದೆ. ಕಬ್ಬಿನ ಕಥೆಯೇ ಬೇರೆ: 600 ಮಿಲಿಮೀಟರ್ ಮಳೆಯ ನಾಡಿನಲ್ಲಿ ಅದಕ್ಕೆ 1,500ರಿಂದ 2,000 ಮಿಲಿಮೀಟರಿನಷ್ಟು ನೀರು ಬೇಕು. ಕಾಲುವೆಯ, ಭೀಮೆಯ ಬದಿಯ ಹೊಲಗಳಲ್ಲಿ ಅದನ್ನು ಒಪ್ಪಬಹುದು. ಬೋರಿನ ಮೇಲೆ ಕಬ್ಬು ಹಾಕುವುದು ಹೊಲದ ಹಣವನ್ನು ಬೇಗ ಕೈಗೆ ತರುತ್ತದೆ, ಊರಿನ ನೀರನ್ನೂ ಅಷ್ಟೇ ಬೇಗ ತೆಗೆಯುತ್ತದೆ.

ಆಳದ ನೀರು ಎಂದರೆ ಹೆಚ್ಚು ಕರೆಂಟು ಕೂಡ. ಒಂದು ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ತರಲು ಭೌತಶಾಸ್ತ್ರದ ಲೆಕ್ಕದಲ್ಲಿ 0.27 ಯೂನಿಟ್ ಸಾಕು; ಪಂಪು, ಪೈಪುಗಳ ನಷ್ಟ ಸೇರಿದರೆ ಅರ್ಧ ಯೂನಿಟ್ ದಾಟುತ್ತದೆ. ನೀರಿನ ಮಟ್ಟ ಇಳಿದಂತೆಲ್ಲ ಈ ಲೆಕ್ಕ ಏರುತ್ತದೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ರಾಜ್ಯದಲ್ಲಿ ವಿದ್ಯುತ್ ಉಚಿತ. ಹೀಗಾಗಿ ಏರಿದ ಲೆಕ್ಕ ರೈತನ ಬಿಲ್ಲಿನಲ್ಲಿ ಕಾಣಿಸುವುದಿಲ್ಲ, ವಿದ್ಯುತ್ ಕಂಪನಿ ಹೆಸ್ಕಾಂನ ಮತ್ತು ಸರ್ಕಾರದ ಸಬ್ಸಿಡಿ ಖಾತೆಯಲ್ಲಿ ಕಾಣಿಸುತ್ತದೆ.

ಹಿಂದಿನವರ ಉತ್ತರ ಮಳೆಯನ್ನು ನೆಲದ ಮೇಲೆ ಹಿಡಿಯುವುದಾಗಿತ್ತು. ಆದಿಲಶಾಹಿ ಕಾಲದ ಬಿಜಾಪುರ ನಗರ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ಒಸರುನೀರನ್ನು ಇಳಿಜಾರಿನ ಬಲದಿಂದಲೇ ತರಿಸಿಕೊಳ್ಳುತ್ತಿತ್ತು; ತಾಜ್ ಬಾವಡಿ, ಬೇಗಂ ತಾಲಾಬ್, ದಾರಿಯುದ್ದಕ್ಕೂ ನಿಂತ ನೀರಿನ ಗೋಪುರಗಳು ಆ ಜಾಲದ ಭಾಗಗಳು. ಪರ್ಷಿಯಾದ ಕರೇಜ್ ಪದ್ಧತಿಯ ಈ ಸುರಂಗದಲ್ಲಿ ನೆಲ ಒಸರಿದಷ್ಟೇ ನೀರು ಹರಿಯುತ್ತದೆ, ಅದಕ್ಕಿಂತ ಹೆಚ್ಚು ತೆಗೆಯಲು ಬರುವುದಿಲ್ಲ. 17ನೇ ಶತಮಾನದಲ್ಲಿ ಮುಹಮ್ಮದ್ ಆದಿಲಶಾಹ ಕಟ್ಟಿಸಿದ ಮಮದಾಪುರದ ಕೆರೆ ಇಂದಿಗೂ ಇದೆ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡಗಳು ಅದೇ ತತ್ವದ ಸಣ್ಣ ರೂಪ. ಹೊಂಡದ ತಳಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಮಾತ್ರ ಪೆಟ್ರೋಲಿಯಂನಿಂದಲೇ ಬಂದದ್ದು.

ಕಳೆದ ಒಂದು ದಶಕದಲ್ಲಿ ಮುಳವಾಡ ಮೊದಲಾದ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರನ್ನು ಎತ್ತಿ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕೆರೆ ತುಂಬಿದಲ್ಲಿ ಸುತ್ತಲಿನ ಬಾವಿ, ಬೋರುಗಳಿಗೂ ಜೀವ ಬರುತ್ತದೆ. ನೀರು ಮಳೆಯದು, ಎತ್ತುವ ಬಲ ಕರೆಂಟಿನದು. ಆ ಕರೆಂಟು ಯಾವುದು ಎಂಬುದು ಮುಂದಿನ ಪ್ರಶ್ನೆ.

ಕರೆಂಟು

ಉತ್ತರದ ಒಂದು ಭಾಗ ಲಚ್ಯಾಣದ ರೈಲು ಹಳಿಯ ಮೇಲೆಯೇ ಬರುತ್ತದೆ. ಹೋಟಗಿ–ಗದಗ ಮಾರ್ಗ 1876–78ರ ಭೀಕರ ಬರದ ಬೆನ್ನಿಗೆ, 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಹಾಕಿದ್ದು. ಬರ ಬಿದ್ದಾಗ ಕಾಳು ಸಾಗಿಸಲು ದಾರಿ ಬೇಕೆಂಬುದು ಅದರ ಉದ್ದೇಶಗಳಲ್ಲೊಂದು. ಅದೇ ಮಾರ್ಗ ಜೋಡಿಹಳಿಯಾದದ್ದು ಕಲ್ಲಿದ್ದಲಿನ ದೆಸೆಯಿಂದ. ಹೋಟಗಿಯಿಂದ ಕೂಡಗಿಯವರೆಗಿನ 134 ಕಿಲೋಮೀಟರ್ ಜೋಡಿಹಳಿಗೆ ಹಣ ಕೊಟ್ಟದ್ದು ರಾಷ್ಟ್ರೀಯ ಉಷ್ಣ ವಿದ್ಯುತ್ ನಿಗಮ, ಎನ್‌ಟಿಪಿಸಿ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಅದರ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳು, ಒಟ್ಟು 2,400 ಮೆಗಾವ್ಯಾಟಿನ ಸ್ಥಾವರ, 2017–18ರ ಅವಧಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಕಲ್ಲಿದ್ದಲಿಗೆ ಜಾರ್ಖಂಡದ ಪಕ್ರಿ ಬರವಾಡೀಹ ಗಣಿಯನ್ನು ಗೊತ್ತುಮಾಡಲಾಗಿತ್ತು. ನೀರು ಆಲಮಟ್ಟಿಯ ಜಲಾಶಯದ್ದು. ಒಂದು ಗೂಡ್ಸ್ ರೈಲಿಗೆ ಸುಮಾರು 4,000 ಟನ್ ಹಿಡಿದರೆ, ಮೂರೂ ಘಟಕಗಳು ಪೂರ್ತಿ ಓಡುವ ದಿನಕ್ಕೆ ಎಂಟೊಂಬತ್ತು ರೈಲು ಕಲ್ಲಿದ್ದಲು ಬೇಕಾಗುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಮೂರನೇ ಒಂದರಷ್ಟು ಬೂದಿಯೇ. ಸ್ಥಾವರಕ್ಕೆ ಸುತ್ತಲಿನ ರೈತರ ವಿರೋಧವಿತ್ತು. 2014ರ ಜುಲೈನಲ್ಲಿ ಪ್ರತಿಭಟನೆ ಪೊಲೀಸ್ ಗೋಲಿಬಾರಿನವರೆಗೆ ಹೋಗಿತ್ತು. ಬಲ್ಬು ಹೊತ್ತಿಸುವ ಮನೆಗೆ ತನ್ನ ಕರೆಂಟು ಎಲ್ಲಿಂದ ಬರಬೇಕೆಂದು ಆಯ್ದುಕೊಳ್ಳುವ ಅಧಿಕಾರ ಇರುವುದಿಲ್ಲ ಎಂಬುದನ್ನು ಕೂಡಗಿಯಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಅಲ್ಲಿಂದ ಹೆಚ್ಚು ದೂರವಿಲ್ಲದ ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುದಾಗಾರವಿದೆ: 55 ಮೆಗಾವ್ಯಾಟಿನ ಐದು, 15ರ ಒಂದು ಯಂತ್ರ. ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಜಲಾಶಯಕ್ಕೆ ಅವರದೇ ಹೆಸರು. ಮುಂಗಾರಿನಲ್ಲಿ ಕೃಷ್ಣೆ ತುಂಬಿ ಬಂದಾಗ ಯಂತ್ರಗಳು ಭರದಿಂದ ತಿರುಗುತ್ತವೆ, ಬೇಸಗೆಯಲ್ಲಿ ಮಂದವಾಗುತ್ತವೆ. ನೀರು ವರ್ಷವರ್ಷ ಮರಳಿ ಬರುತ್ತದೆ; ಮುಳುಗಿದ ಎರೆಹೊಲ, ಊರು, ಹಳೆಯ ಬಾಗಲಕೋಟೆಯ ಓಣಿಗಳು ಮರಳುವುದಿಲ್ಲ. ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಸಮ್ಮತಿಸಿತು. ಏರಿಸಿದರೆ ಇನ್ನಷ್ಟು ನೀರಾವರಿ, ಇನ್ನಷ್ಟು ಮುಳುಗಡೆ.

ಗಾಳಿ ಫ್ಯಾನುಗಳು ಕೃಷ್ಣೆಯ ಕಡೆಯ ದಿಬ್ಬಗಳಲ್ಲಿ ಸಾಲಾಗಿ ನಿಂತಿವೆ. ಫ್ಯಾನಿನ ಬುಡಕ್ಕೂ ದಾರಿಗೂ ಹೋಗುವ ಜಾಗ ಕಡಿಮೆ, ಸುತ್ತ ಜೋಳ ಬಿತ್ತಬಹುದು. ಮುಂಗಾರಿನ ತಿಂಗಳುಗಳಲ್ಲಿ, ಪಂಪುಗಳಿಗೆ ಕೆಲಸ ಕಡಿಮೆ ಇರುವಾಗಲೇ, ಗಾಳಿ ಜೋರು. ಕಬ್ಬಿನ ಸಿಪ್ಪೆಯ ವಿದ್ಯುತ್ತನ್ನೂ ಸರ್ಕಾರ ಮರುಹುಟ್ಟುವ ಲೆಕ್ಕಕ್ಕೇ ಸೇರಿಸುತ್ತದೆ. ಇಂಡಿ ತಾಲ್ಲೂಕಿನ ಮರಗೂರಿನ ಭೀಮಾಶಂಕರ ಸಹಕಾರಿ ಕಾರ್ಖಾನೆಯೂ ಸೇರಿ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಹಲವು. ಅರೆದ ಕಬ್ಬಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸಿಪ್ಪೆ. ಅದನ್ನು ಸುಟ್ಟು ಕರೆಂಟು ತೆಗೆಯುವುದು ಒಳ್ಳೆಯದೇ. ಕಬ್ಬು ಬೆಳೆದದ್ದು ಬೋರಿನ ನೀರಿನಲ್ಲಾದರೆ ಈ ಹಸಿರು ಲೆಕ್ಕಕ್ಕೆ ಇನ್ನೊಂದು ಕಡೆ ಕಳೆಯುವ ಅಂಕಿಯೂ ಇದೆ. ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಬೆರೆಯುತ್ತಿರುವ ಎಥನಾಲಿಗೂ ಇದೇ ಮಾತು.

ಮನೆ, ಬಟ್ಟೆ, ಪಾತ್ರೆ

ದಪ್ಪ ಗೋಡೆಯ ಮಾಳಿಗೆ ಮನೆ ಈ ಸೀಮೆಯ ಬಿಸಿಲಿಗೆ ಹುಟ್ಟಿದ್ದು. ಬೇವು, ಜಾಲಿಯ ತೊಲೆ, ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣು, ನೀರು ಇಳಿಯದಂತೆ ಹಾಳುಮಣ್ಣಿನ ಲೇಪ. 42 ಡಿಗ್ರಿ ಬಿಸಿಲಿನ ಮಧ್ಯಾಹ್ನದಲ್ಲೂ ಒಳಗೆ ತಂಪು. ಪ್ರತಿ ಮಳೆಗಾಲದ ಮೊದಲು ಮಾಳಿಗೆಗೆ ಮಣ್ಣು ಹಾಕುವ ಆಳು ಸಿಗದಾದಾಗ, ಸೋರುವ ಮನೆಗಿಂತ ಕಾಯುವ ಆರ್‌ಸಿಸಿ ಮನೆಯೇ ಮೇಲೆಂದು ಜನ ತೀರ್ಮಾನಿಸಿದರು. ಸಿಮೆಂಟು ಸುಣ್ಣಕಲ್ಲನ್ನೂ ಕಲ್ಲಿದ್ದಲನ್ನೂ ತಿನ್ನುವ ವಸ್ತು. ಮನೆ ಕಾದಾಗ ಬೇಕಾಗುವ ಕೂಲರ್ ಮತ್ತಷ್ಟು ಕರೆಂಟು ತಿನ್ನುತ್ತದೆ. ತಾಳಿಕೋಟಿ ಭಾಗದಲ್ಲಿ ಸಿಗುವ ಸುಣ್ಣಕಲ್ಲಿನ ಪರಸಿ ನೆಲಕ್ಕೆ ತಂಪು, ಹತ್ತಿರದ್ದು, ಬಹುಕಾಲ ಬಾಳುವಂಥದ್ದು. ಅದೂ ತೀರುವ ಕಲ್ಲೇ ಆದರೂ ಗುಜರಾತಿನ ಕುಲುಮೆಯಲ್ಲಿ ಅನಿಲ ಸುಟ್ಟು ಮಾಡಿ ಲಾರಿಯಲ್ಲಿ ತಂದ ಟೈಲಿಗಿಂತ ಹಗುರವಾದ ಆಯ್ಕೆ. ಹಳೆ ಸೀರೆ, ಧೋತರಗಳಿಂದ ಕೌದಿ ಹೊಲಿಯುವುದು ಇನ್ನೂ ನಡೆದಿದೆ. ಜಾತ್ರೆ, ದಾಸೋಹದ ಊಟಗಳಲ್ಲಿ ಮುತ್ತಲದ ಪತ್ರಾವಳಿಯ ಜಾಗಕ್ಕೆ ಪ್ಲಾಸ್ಟಿಕ್ ಲೇಪದ ತಟ್ಟೆ ಬಂದುಬಿಟ್ಟಿದೆ.

ಬಿಸಿಲಿನ ಪಂಪು

ಈ ಸೀಮೆಗೆ ಬಿಸಿಲಿನ ಕೊರತೆಯಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ ಐದೂವರೆ ಯೂನಿಟ್ಟಿನ ಆಸುಪಾಸಿನಷ್ಟು ಬಿಸಿಲಿನ ಶಕ್ತಿ ಬೀಳುತ್ತದೆ; ಚಾವಣಿಯ ಮೇಲಿನ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. 2024ರ ಫೆಬ್ರವರಿಯ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ನೀಡುತ್ತದೆ. ಆದರೆ 2023ರಿಂದ ರಾಜ್ಯದ ಗೃಹಜ್ಯೋತಿ 200 ಯೂನಿಟ್‌ವರೆಗೆ ಕರೆಂಟನ್ನು ಉಚಿತ ಮಾಡಿರುವಾಗ ಸಾಮಾನ್ಯ ಮನೆಗೆ ಚಾವಣಿಯ ಫಲಕದಲ್ಲಿ ಲಾಭ ಕಾಣುವುದಿಲ್ಲ. ಎರಡೂ ಯೋಜನೆಗಳು ಒಳ್ಳೆಯ ಉದ್ದೇಶದವು, ಒಂದು ಇನ್ನೊಂದರ ಕಾಲಿಗೆ ತೊಡಕು. ಹೆಚ್ಚು ಬಿಲ್ಲು ಬರುವ ಅಂಗಡಿ, ಹಿಟ್ಟಿನ ಗಿರಣಿ, ಕಲ್ಯಾಣಮಂಟಪಗಳಿಗೆ ಲೆಕ್ಕ ಸರಿಹೊಂದುತ್ತದೆ. ಬಚ್ಚಲ ನೀರು ಕಾಯಿಸುವ ಸೋಲಾರ್ ಹೀಟರ್ ಮಾತ್ರ ಯಾವ ಯೋಜನೆಯ ಹಂಗೂ ಇಲ್ಲದೆ ಪಟ್ಟಣದ ಮಾಳಿಗೆಗಳ ಮೇಲೆ ಹಬ್ಬಿದೆ.

ಹೊಲದ ಪಂಪಿನ ಪ್ರಶ್ನೆ ಇದಕ್ಕಿಂತ ಸಿಕ್ಕಿನದು. 2019ರ ಪಿಎಂ-ಕುಸುಮ್ ಯೋಜನೆಯ ಬಿ ಭಾಗದಲ್ಲಿ ರೈತ ಸ್ವಂತ ಸೌರ ಪಂಪು ಹಾಕಿಸಿಕೊಳ್ಳಬಹುದು. ಕೇಂದ್ರದ ಶೇಕಡ 30ಕ್ಕೆ ಕರ್ನಾಟಕ ತನ್ನ ಶೇಕಡ 50 ಸೇರಿಸಿದ್ದರಿಂದ ರೈತನ ಪಾಲು ಶೇಕಡ 20ಕ್ಕೆ ಇಳಿಯಿತು. ಡೀಸೆಲ್ ಪಂಪಿನವರಿಗೆ ಇದು ನಿಜವಾದ ಬಿಡುಗಡೆ. ಡೀಸೆಲಿನ ಹಣವಿಲ್ಲ, ರಾತ್ರಿ ಪಾಳಿಯ ಮೂರು ಫೇಸಿಗೆ ಕಾಯುವುದಿಲ್ಲ. ಆದರೆ ಒಮ್ಮೆ ಫಲಕ ಹಾಕಿದ ಮೇಲೆ ಇನ್ನೊಂದು ತಾಸು ಪಂಪು ಓಡಿಸಲು ಒಂದು ಪೈಸೆಯೂ ಖರ್ಚಿಲ್ಲ. ಮರುಹುಟ್ಟುವ ಶಕ್ತಿಯಿಂದಲೇ ಮರುಹುಟ್ಟದ ವೇಗದಲ್ಲಿ ನೀರನ್ನು ತೆಗೆಯುವ ಅವಕಾಶ ಇಲ್ಲಿ ತೆರೆದುಕೊಳ್ಳುತ್ತದೆ.

ಇದಕ್ಕೆ ಮದ್ದು ಹುಡುಕಿದವರುಂಟು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿ ಹೆಚ್ಚುವರಿ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರಿದರು. ಪಂಪು ನಿಲ್ಲಿಸಿದರೆ ಹಣ, ಓಡಿಸಿದರೆ ನೀರು. ಎರಡನ್ನೂ ತೂಗಿ ನೋಡುವ ಪ್ರಸಂಗ ರೈತನಿಗೆ ಬಂತು. ಕರ್ನಾಟಕದ ಸೂರ್ಯರೈತ ಯೋಜನೆ 2014ರಲ್ಲಿ ಹಾಕಿಕೊಂಡದ್ದೂ ಇದೇ ಯೋಚನೆ. ಅದರ ಪ್ರಯೋಗ ನಡೆದದ್ದು ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ, ವಿಜಯಪುರದ ಕಡೆ ಅಲ್ಲ. ಈಗ ಕುಸುಮ್ ಯೋಜನೆಯ ಸಿ ಭಾಗದಲ್ಲಿ ರಾಜ್ಯ ಆರಿಸಿಕೊಂಡಿರುವುದು ಬೇರೆ ದಾರಿ. ಉಪಕೇಂದ್ರದ ಹತ್ತಿರ ಖಾಸಗಿಯವರು ಸೌರ ಸ್ಥಾವರ ಹಾಕಿ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರುತ್ತಾರೆ, ಆ ಫೀಡರಿನ ಪಂಪುಗಳಿಗೆ ಹಗಲಿನಲ್ಲೇ ಕರೆಂಟು ಬರುತ್ತದೆ. ರಾತ್ರಿ ಹಾವು, ಚೇಳಿನ ಭಯದಲ್ಲಿ ನೀರು ಕಟ್ಟಲು ಹೋಗುವುದು ತಪ್ಪುವುದರಿಂದ ರೈತರು ಇದನ್ನು ಬಯಸುತ್ತಾರೆ, ಕೂಡಗಿಯಂಥ ಸ್ಥಾವರಗಳ ಮೇಲಿನ ಹಗಲಿನ ಭಾರವೂ ಇಳಿಯುತ್ತದೆ. ಪಂಪು ನಿಲ್ಲಿಸಿದವನಿಗೆ ಈ ವ್ಯವಸ್ಥೆಯಲ್ಲಿ ಏನೂ ಸಿಗುವುದಿಲ್ಲ. ಎಷ್ಟು ನೀರು ಎತ್ತಬೇಕೆಂಬುದು ಮೊದಲಿನಂತೆಯೇ ಆಯಾ ಹೊಲದವರ ವಿವೇಚನೆಗೆ ಬಿಟ್ಟ ವಿಷಯವಾಗಿ ಉಳಿದಿದೆ.